ಚಳಿ ಹವೆಯಲ್ಲಿ ಗೇರ್ ಎಣ್ಣೆಯ ಆಯ್ಕೆ

ಗೇರ್ ಎಣ್ಣೆ ಎಂದರೆ ಕೈಯಿಂದ ಗೇರ್ ಬದಲಿಸುವ ವಾಹನಗಳ ಗೇರ್‌ಬಾಕ್ಸ್‌ನಲ್ಲಿ ಹಲ್ಲುಚಕ್ರಗಳು, ಬೇರಿಂಗುಗಳು ಮತ್ತು ಸಿಂಕ್ರೊನೈಜರ್ ಉಂಗುರಗಳ ನಡುವೆ ತೆಳುವಾದ ಪದರವಾಗಿ ನಿಂತು ಸವೆತವನ್ನು ತಡೆಯುವ ಕೀಲೆಣ್ಣೆ. ಉಷ್ಣಾಂಶ ಇಳಿದಂತೆ ಈ ಎಣ್ಣೆಯ ಸ್ನಿಗ್ಧತೆ ಹೆಚ್ಚುತ್ತದೆ, ಅಂದರೆ ಎಣ್ಣೆ ದಪ್ಪವಾಗುತ್ತದೆ. ಮುಂಜಾವಿನ ಚಳಿಯಲ್ಲಿ ಗೇರ್ ಸನ್ನೆ ಬಿಗಿಯಾಗುವುದಕ್ಕೂ, ಗೇರ್ ಬೀಳುವಾಗ ಕರಕರ ಸದ್ದು ಬರುವುದಕ್ಕೂ ಸಾಮಾನ್ಯವಾಗಿ ಇದೇ ಕಾರಣ. ಆದ್ದರಿಂದ ವಾಹನ ಓಡಾಡುವ ಪ್ರದೇಶದ ಅತಿ ಕಡಿಮೆ ಉಷ್ಣಾಂಶ, ಗೇರ್‌ಬಾಕ್ಸ್‌ನ ರಚನೆ ಮತ್ತು ತಯಾರಕರ ಸೂಚನೆ ಈ ಮೂರನ್ನೂ ಗಮನಿಸಿ ಎಣ್ಣೆಯನ್ನು ಆರಿಸಬೇಕಾಗುತ್ತದೆ.

ಕರ್ನಾಟಕದಲ್ಲಿ ಉಷ್ಣಾಂಶವು ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯುವುದಿಲ್ಲ. ಆದರೂ ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ಭಾಗಗಳಲ್ಲಿ ಕಬ್ಬು ಸಾಗಣೆಯ ಹಂಗಾಮು ಚಳಿಗಾಲದಲ್ಲೇ ಬರುವುದರಿಂದ ಈ ವಿಷಯ ಅಲ್ಲಿನ ಟ್ರ್ಯಾಕ್ಟರ್ ಹಾಗೂ ಲಾರಿ ಚಾಲಕರಿಗೆ ನೇರವಾಗಿ ಸಂಬಂಧಿಸಿದೆ. ಲಡಾಖಿನಂತಹ ಹಿಮ ಪ್ರದೇಶಗಳಿಗೆ ಹೋಗುವ ವಾಹನಗಳಲ್ಲಿ ಎಣ್ಣೆಯ ಆಯ್ಕೆ ತಪ್ಪಿದರೆ ಗೇರ್‌ಬಾಕ್ಸೇ ಹಾಳಾಗುವ ಸಂಭವವಿದೆ.

## ಹಿನ್ನೆಲೆ

ತಿರುಗುವ ಭಾಗಗಳಿಗೆ ಎಣ್ಣೆ ಹಾಕುವ ಪದ್ಧತಿ ಮೋಟಾರು ವಾಹನಗಳಿಗಿಂತ ಬಹಳ ಹಳೆಯದು. ಉತ್ತರ ಕರ್ನಾಟಕದಲ್ಲಿ ಚಕ್ಕಡಿಯ ಅಚ್ಚಿಗೆ ಔಡಲ ಎಣ್ಣೆಯಂತಹ ದಪ್ಪ ಎಣ್ಣೆಯನ್ನು ಹಚ್ಚುತ್ತಿದ್ದರು. ಕೀಲೆಣ್ಣೆ ಎಂಬ ಕನ್ನಡ ಪದ ಬಂದಿರುವುದು ಇಂತಹ ಬಳಕೆಯಿಂದಲೇ. ಚಕ್ಕಡಿಯ ಗಾಲಿ ನಿಧಾನವಾಗಿ ತಿರುಗುವುದರಿಂದ ಎಣ್ಣೆ ದಪ್ಪವಾಗಿದ್ದಷ್ಟೂ ಅನುಕೂಲವಿತ್ತು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಗೇರ್‌ಬಾಕ್ಸ್‌ಗೆ ಈ ನಿಯಮ ಹೊಂದುವುದಿಲ್ಲ.

ಆರಂಭದ ಮೋಟಾರು ವಾಹನಗಳಲ್ಲಿ ಹಲ್ಲುಚಕ್ರಗಳನ್ನೇ ಸರಿಸಿ ಒಂದಕ್ಕೊಂದು ಕೂಡಿಸಲಾಗುತ್ತಿತ್ತು. ಎರಡು ಚಕ್ರಗಳ ವೇಗ ಸಮವಾಗುವ ಕ್ಷಣವನ್ನು ಚಾಲಕನೇ ಊಹಿಸಿ ಗೇರ್ ಹಾಕಬೇಕಾಗಿತ್ತು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಸಿಂಕ್ರೊಮೆಶ್ ವ್ಯವಸ್ಥೆ ಬಳಕೆಗೆ ಬಂತು. ಇದನ್ನು ರೂಪಿಸಿದವರು ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರ್. ಈ ವ್ಯವಸ್ಥೆಯಲ್ಲಿ ಹಿತ್ತಾಳೆ ಅಥವಾ ಕಂಚಿನ ಉಂಗುರವೊಂದು ಘರ್ಷಣೆಯ ಮೂಲಕ ಎರಡು ಭಾಗಗಳ ವೇಗವನ್ನು ಮೊದಲು ಸಮಗೊಳಿಸುತ್ತದೆ. ಬಳಿಕ ಹಲ್ಲುಗಳು ಸದ್ದಿಲ್ಲದೆ ಕೂಡಿಕೊಳ್ಳುತ್ತವೆ. ಹೀಗೆ ಗೇರ್ ಎಣ್ಣೆಗೆ ಪರಸ್ಪರ ವಿರುದ್ಧವೆನಿಸುವ ಎರಡು ಹೊಣೆಗಳು ಬಂದವು. ಹಲ್ಲುಗಳ ನಡುವೆ ಅದು ಘರ್ಷಣೆಯನ್ನು ತಗ್ಗಿಸಬೇಕು. ಉಂಗುರದ ಬಳಿ ಘರ್ಷಣೆಗೆ ಅವಕಾಶ ಕೊಡಬೇಕು.

## ಗೇರ್‌ಬಾಕ್ಸ್‌ನಲ್ಲಿ ಎಣ್ಣೆಯ ಕೆಲಸ

ಹೆಚ್ಚಿನ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆಯನ್ನು ಮೇಲೆತ್ತಲು ಪಂಪು ಇರುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ನಿಂತ ಎಣ್ಣೆಯಲ್ಲಿ ಕೆಳಗಿನ ಹಲ್ಲುಚಕ್ರಗಳು ಅರ್ಧ ಮುಳುಗಿರುತ್ತವೆ. ಅವು ತಿರುಗುವಾಗ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತವೆ ಮತ್ತು ಆ ಎಣ್ಣೆ ಬೇರಿಂಗುಗಳಿಗೂ ಮೇಲಿನ ಚಕ್ರಗಳಿಗೂ ತಲುಪುತ್ತದೆ. ಎಣ್ಣೆ ಮಾಡುವ ಕೆಲಸಗಳು ಮುಖ್ಯವಾಗಿ ನಾಲ್ಕು:

- ಹಲ್ಲುಗಳ ಲೋಹ ಒಂದಕ್ಕೊಂದು ನೇರವಾಗಿ ತಾಗದಂತೆ ನಡುವೆ ಪದರವಾಗಿ ನಿಲ್ಲುವುದು
- ಘರ್ಷಣೆಯಿಂದ ಹುಟ್ಟಿದ ಶಾಖವನ್ನು ಪೆಟ್ಟಿಗೆಯ ಗೋಡೆಗೆ ಸಾಗಿಸುವುದು
- ಸವೆದ ಲೋಹದ ಪುಡಿಯನ್ನು ತಳಕ್ಕೆ ಇಳಿಸುವುದು
- ಒಳಭಾಗಗಳಿಗೆ ತುಕ್ಕು ಹಿಡಿಯದಂತೆ ಕಾಯುವುದು

ಚಳಿಯಲ್ಲಿ ಎಣ್ಣೆ ಅತಿಯಾಗಿ ದಪ್ಪವಾದರೆ ಚಿಮ್ಮುವಿಕೆಯೇ ನಿಲ್ಲುತ್ತದೆ. ಹಲ್ಲುಚಕ್ರವು ಎಣ್ಣೆಯಲ್ಲಿ ಕಾಲುವೆಯಂತಹ ಒಂದು ತಗ್ಗನ್ನು ಕೊರೆದುಕೊಂಡು ತಿರುಗುತ್ತದೆ. ಬದಿಯ ಎಣ್ಣೆ ಆ ತಗ್ಗಿಗೆ ಬೇಗನೆ ಹರಿದು ಬರುವುದಿಲ್ಲ. ಪೆಟ್ಟಿಗೆಯಲ್ಲಿ ಸಾಕಷ್ಟು ಎಣ್ಣೆ ಇದ್ದರೂ ಬೇರಿಂಗುಗಳು ಒಣಗಿಯೇ ಉಳಿಯುತ್ತವೆ. ಗೇರ್ ಎಣ್ಣೆಗಳ ಪರೀಕ್ಷೆಯಲ್ಲಿ ಈ ಗುಣವನ್ನು ಪ್ರತ್ಯೇಕವಾಗಿ ಅಳೆಯುವ ಕ್ರಮವಿದೆ. ತಣ್ಣಗಾದ ಎಣ್ಣೆಯಲ್ಲಿ ಪಟ್ಟಿಯೊಂದರಿಂದ ಗೆರೆ ಎಳೆದು, ಆ ಗೆರೆ ಎಷ್ಟು ಬೇಗ ಮುಚ್ಚಿಕೊಳ್ಳುತ್ತದೆ ಎಂಬುದನ್ನು ನೋಡಲಾಗುತ್ತದೆ.

ಸಿಂಕ್ರೊನೈಜರ್ ಉಂಗುರದ ಒಳಮೈಯಲ್ಲಿ ಸೂಕ್ಷ್ಮವಾದ ಗೀರುಗಳಿರುತ್ತವೆ. ಉಂಗುರವು ಶಂಕುವಿನಾಕಾರದ ಭಾಗಕ್ಕೆ ಒತ್ತಿದಾಗ ನಡುವಿನ ಎಣ್ಣೆಯನ್ನು ಈ ಗೀರುಗಳು ಕತ್ತರಿಸಿ ಹೊರಹಾಕಬೇಕು. ಎಣ್ಣೆ ದಪ್ಪವಾಗಿದ್ದರೆ ಅದು ಹೊರಹೋಗಲು ಹೆಚ್ಚು ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ಚಾಲಕ ಸನ್ನೆಯನ್ನು ಬಲವಾಗಿ ದೂಡಿದರೆ ವೇಗ ಸಮವಾಗುವ ಮೊದಲೇ ಹಲ್ಲುಗಳು ಬಡಿದುಕೊಳ್ಳುತ್ತವೆ. ದಪ್ಪ ಎಣ್ಣೆ ಒಳಗಿನ ಶಾಫ್ಟಿನ ವೇಗವನ್ನೂ ಎಳೆದು ತಗ್ಗಿಸುತ್ತದೆ. ಮೇಲಿನ ಗೇರಿನಿಂದ ಕೆಳಗಿನ ಗೇರಿಗೆ ಬರುವಾಗ ಈ ಶಾಫ್ಟು ವೇಗ ಹೆಚ್ಚಿಸಿಕೊಳ್ಳಬೇಕಾಗಿರುವುದರಿಂದ, ಚಳಿಯ ತೊಂದರೆ ಕೆಳಗಿನ ಗೇರುಗಳಲ್ಲಿ ಹೆಚ್ಚಾಗಿ ಅನುಭವಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಭಾರ ಹೊತ್ತ ವಾಹನಕ್ಕೆ ಇದು ಅಪಾಯಕಾರಿ. ಕೆಳಗಿನ ಗೇರ್ ಬೀಳದೆ ವಾಹನ ನ್ಯೂಟ್ರಲ್‌ನಲ್ಲಿ ಉಳಿದರೆ ಎಂಜಿನ್ನಿನ ತಡೆ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

## ಚಳಿಯಲ್ಲಿ ಎಣ್ಣೆ ದಪ್ಪವಾಗುವ ಬಗೆ

ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು, ಎಲ್ಲ ದ್ರವಗಳಂತೆ ಎಣ್ಣೆಯ ಅಣುಗಳೂ ಶಾಖ ಕಡಿಮೆಯಾದಾಗ ಒಂದರ ಮೇಲೊಂದು ಸುಲಭವಾಗಿ ಜಾರುವುದಿಲ್ಲ. ಎರಡನೆಯದು ಮೇಣ. ಕಚ್ಚಾ ತೈಲದಿಂದ ನೇರವಾಗಿ ಸಂಸ್ಕರಿಸಿದ ಖನಿಜ ಎಣ್ಣೆಯಲ್ಲಿ ಅಲ್ಪ ಪ್ರಮಾಣದ ಮೇಣ ಉಳಿದಿರುತ್ತದೆ. ಉಷ್ಣಾಂಶ ಒಂದು ಮಟ್ಟಕ್ಕಿಂತ ಕೆಳಗಿಳಿದಾಗ ಈ ಮೇಣ ಹರಳುಗಟ್ಟಿ ಎಣ್ಣೆಯ ಹರಿವನ್ನು ಕಟ್ಟಿಹಾಕುತ್ತದೆ. ಚಳಿಗಾಲದ ಬೆಳಗಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟಿರುತ್ತದೆ, ಅದೇ ಅಡುಗೆಮನೆಯ ಶೇಂಗಾ ಎಣ್ಣೆ ಮಾತ್ರ ಹರಿಯುತ್ತಲೇ ಇರುತ್ತದೆ. ಎಣ್ಣೆಗಳ ಒಳರಚನೆ ಬೇರೆಯಾದರೆ ಚಳಿಗೆ ಅವುಗಳ ಪ್ರತಿಕ್ರಿಯೆಯೂ ಬೇರೆಯಾಗುತ್ತದೆ ಎಂಬುದಕ್ಕೆ ಇದು ಮನೆಯಲ್ಲೇ ಸಿಗುವ ಉದಾಹರಣೆ. ಎಣ್ಣೆ ಇನ್ನೂ ಹರಿಯಬಲ್ಲ ಅತಿ ಕಡಿಮೆ ಉಷ್ಣಾಂಶವನ್ನು ಅದರ ಹರಿವಿನ ಬಿಂದು ಎನ್ನುತ್ತಾರೆ.

ಉಷ್ಣಾಂಶಕ್ಕೆ ತಕ್ಕಂತೆ ಎಣ್ಣೆಯ ಸ್ನಿಗ್ಧತೆ ಎಷ್ಟು ಬದಲಾಗುತ್ತದೆ ಎಂಬುದನ್ನು ಸೂಚಿಸಲು ಸ್ನಿಗ್ಧತಾ ಸೂಚ್ಯಂಕ ಎಂಬ ಅಳತೆ ಇದೆ. 1929ರಲ್ಲಿ ಡೀನ್ ಮತ್ತು ಡೇವಿಸ್ ಎಂಬ ಅಮೆರಿಕದ ತಂತ್ರಜ್ಞರು ಇದನ್ನು ರೂಪಿಸಿದರು. ಪೆನ್ಸಿಲ್ವೇನಿಯಾದ ಕಚ್ಚಾ ತೈಲದಿಂದ ತೆಗೆದ, ಕಡಿಮೆ ಬದಲಾಗುವ ಎಣ್ಣೆಗೆ 100 ಎಂದೂ, ಗಲ್ಫ್ ಕರಾವಳಿಯ ತೈಲದಿಂದ ತೆಗೆದ, ಹೆಚ್ಚು ಬದಲಾಗುವ ಎಣ್ಣೆಗೆ 0 ಎಂದೂ ಅವರು ಅಂಕ ಕೊಟ್ಟರು. ಇಂದಿನ ಸಂಶ್ಲೇಷಿತ ಎಣ್ಣೆಗಳ ಸೂಚ್ಯಂಕ ಸಾಮಾನ್ಯವಾಗಿ 100ನ್ನು ಮೀರುತ್ತದೆ. ಈ ಎಣ್ಣೆಗಳಲ್ಲಿ ಮೇಣವೂ ಬಹುತೇಕ ಇರುವುದಿಲ್ಲ.

## ಡಬ್ಬಿಯ ಮೇಲಿನ ಸಂಖ್ಯೆಗಳು

ಗೇರ್ ಎಣ್ಣೆಯ ಸ್ನಿಗ್ಧತೆಯನ್ನು ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ರೂಪಿಸಿದ ಜೆ306 ಎಂಬ ಮಾನಕದ ಪ್ರಕಾರ ವಿಂಗಡಿಸಲಾಗುತ್ತದೆ. ಡಬ್ಬಿಯ ಮೇಲೆ 80ಡಬ್ಲ್ಯೂ-90 ಎಂದಿದ್ದರೆ ಅದರಲ್ಲಿ ಎರಡು ಮಾಹಿತಿಗಳಿವೆ. ಡಬ್ಲ್ಯೂ ಅಕ್ಷರವು ಇಂಗ್ಲಿಷಿನ ವಿಂಟರ್, ಅಂದರೆ ಚಳಿಗಾಲ ಎಂಬ ಪದವನ್ನು ಸೂಚಿಸುತ್ತದೆ. ಅದರ ಹಿಂದಿನ ಸಂಖ್ಯೆ ಚಳಿಯಲ್ಲಿನ ವರ್ತನೆಗೂ, ಕೊನೆಯ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿನ ದಪ್ಪಕ್ಕೂ ಸಂಬಂಧಿಸಿವೆ.

ಡಬ್ಲ್ಯೂ ದರ್ಜೆಯ ಎಣ್ಣೆ, ಕೆಳಗೆ ಸೂಚಿಸಿದ ಉಷ್ಣಾಂಶದಲ್ಲಿ 1,50,000 ಸೆಂಟಿಪಾಯ್ಸ್‌ಗಿಂತ ಹೆಚ್ಚು ದಪ್ಪವಾಗಿರಕೂಡದು:

- 70ಡಬ್ಲ್ಯೂ: −55 ಡಿಗ್ರಿ ಸೆಲ್ಸಿಯಸ್
- 75ಡಬ್ಲ್ಯೂ: −40 ಡಿಗ್ರಿ ಸೆಲ್ಸಿಯಸ್
- 80ಡಬ್ಲ್ಯೂ: −26 ಡಿಗ್ರಿ ಸೆಲ್ಸಿಯಸ್
- 85ಡಬ್ಲ್ಯೂ: −12 ಡಿಗ್ರಿ ಸೆಲ್ಸಿಯಸ್

ಕೊಠಡಿಯ ಉಷ್ಣಾಂಶದಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಪಾಯ್ಸ್. ಅಂದರೆ ಈ ಮಿತಿಯನ್ನು ತಲುಪಿದ ಎಣ್ಣೆ ನೀರಿಗಿಂತ ಒಂದೂವರೆ ಲಕ್ಷ ಪಟ್ಟು ದಪ್ಪವಾಗಿರುತ್ತದೆ. ಹಿಂಬದಿಯ ಅಚ್ಚಿನ ಪಿನಿಯನ್ ಬೇರಿಂಗುಗಳು ಇದಕ್ಕಿಂತ ದಪ್ಪ ಎಣ್ಣೆಯಲ್ಲಿ ಕೆಟ್ಟುಹೋದುದನ್ನು ಪರೀಕ್ಷೆಗಳಲ್ಲಿ ಕಂಡು ಈ ಮಿತಿಯನ್ನು ಗೊತ್ತುಪಡಿಸಲಾಯಿತು. ಆದ್ದರಿಂದ ಇದು ಯಂತ್ರ ಹಾಳಾಗದಿರಲು ಇರುವ ಮಿತಿಯೇ ಹೊರತು ಗೇರ್ ಹಗುರವಾಗಿ ಬೀಳಲು ಇರುವ ಮಿತಿಯಲ್ಲ. ಗೇರ್ ಸುಲಭವಾಗಿ ಬದಲಾಗಬೇಕಾದರೆ ಅನೇಕ ಗೇರ್‌ಬಾಕ್ಸ್‌ಗಳಲ್ಲಿ ಸ್ನಿಗ್ಧತೆ 20,000 ಸೆಂಟಿಪಾಯ್ಸ್‌ಗಿಂತ ಕಡಿಮೆ ಇರಬೇಕು.

ಬಿಸಿಯಲ್ಲಿನ ದರ್ಜೆಗಳಲ್ಲಿ 90ನೇ ಸಂಖ್ಯೆಯ ಎಣ್ಣೆ 100 ಡಿಗ್ರಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್‌ವರೆಗೂ, 140ನೇ ಸಂಖ್ಯೆಯದು 24ರಿಂದ 32.5 ಸೆಂಟಿಸ್ಟೋಕ್‌ವರೆಗೂ ಇರುತ್ತದೆ. ಸೆಂಟಿಸ್ಟೋಕ್‌ನಲ್ಲಿರುವ ಅಳತೆಯನ್ನು ಎಣ್ಣೆಯ ಸಾಂದ್ರತೆಯಿಂದ ಗುಣಿಸಿದರೆ ಸೆಂಟಿಪಾಯ್ಸ್ ದೊರೆಯುತ್ತದೆ. ಗೇರ್ ಎಣ್ಣೆಯ ಸಾಂದ್ರತೆ ಸುಮಾರು 0.9 ಇರುವುದರಿಂದ ಎರಡೂ ಸಂಖ್ಯೆಗಳು ಹತ್ತಿರದಲ್ಲೇ ಇರುತ್ತವೆ.

ಗೇರ್ ಎಣ್ಣೆಯ ಸಂಖ್ಯೆಗಳನ್ನು ಎಂಜಿನ್ ಎಣ್ಣೆಯ ಸಂಖ್ಯೆಗಳೊಂದಿಗೆ ಹೋಲಿಸಲಾಗದು. ಎಂಜಿನ್ ಎಣ್ಣೆಗೆ ಜೆ300 ಎಂಬ ಬೇರೆ ಮಾನಕವಿದೆ. 90ನೇ ಸಂಖ್ಯೆಯ ಗೇರ್ ಎಣ್ಣೆಯು 40 ಅಥವಾ 50ನೇ ಸಂಖ್ಯೆಯ ಎಂಜಿನ್ ಎಣ್ಣೆಯಷ್ಟೇ ದಪ್ಪವಿರುತ್ತದೆ.

### ಒಂದು ಲೆಕ್ಕ

ಮೂರು ಬಗೆಯ ಎಣ್ಣೆಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 40 ಮತ್ತು 100 ಡಿಗ್ರಿಯಲ್ಲಿ ಅವುಗಳ ಸ್ನಿಗ್ಧತೆ ಕ್ರಮವಾಗಿ ಹೀಗಿರಲಿ: 90ನೇ ಸಂಖ್ಯೆಯ ಖನಿಜ ಎಣ್ಣೆ 195 ಮತ್ತು 17 ಸೆಂಟಿಸ್ಟೋಕ್, 80ಡಬ್ಲ್ಯೂ-90 ಎಣ್ಣೆ 140 ಮತ್ತು 14.5, 75ಡಬ್ಲ್ಯೂ-90 ಸಂಶ್ಲೇಷಿತ ಎಣ್ಣೆ 100 ಮತ್ತು 15. ಸ್ನಿಗ್ಧತೆ ಮತ್ತು ಉಷ್ಣಾಂಶದ ಸಂಬಂಧವನ್ನು ಹೇಳುವ ವಾಲ್ಥರ್ ಸೂತ್ರದಿಂದ ಲೆಕ್ಕ ಹಾಕಿದರೆ ಸ್ಥೂಲವಾಗಿ ಈ ಫಲಿತಾಂಶ ಬರುತ್ತದೆ:

- 10 ಡಿಗ್ರಿಯಲ್ಲಿ: ಖನಿಜ 90 ಸುಮಾರು 1,800, 80ಡಬ್ಲ್ಯೂ-90 ಸುಮಾರು 1,100, 75ಡಬ್ಲ್ಯೂ-90 ಸುಮಾರು 500 ಸೆಂಟಿಸ್ಟೋಕ್
- −20 ಡಿಗ್ರಿಯಲ್ಲಿ: ಖನಿಜ 90 ಸುಮಾರು 60,000, 80ಡಬ್ಲ್ಯೂ-90 ಸುಮಾರು 27,000, 75ಡಬ್ಲ್ಯೂ-90 ಸುಮಾರು 5,500 ಸೆಂಟಿಸ್ಟೋಕ್

ಮೇಣ ಹರಳುಗಟ್ಟುವುದನ್ನು ಈ ಸೂತ್ರ ಗಣಿಸುವುದಿಲ್ಲ. ಹಾಗಾಗಿ −20 ಡಿಗ್ರಿಯಲ್ಲಿ ಖನಿಜ ಎಣ್ಣೆಯ ನಿಜವಾದ ಸ್ಥಿತಿ ಲೆಕ್ಕಕ್ಕಿಂತ ಕೆಟ್ಟದಾಗಿರಬಹುದು. ಬಿಸಿಯಲ್ಲಿ ಮೂರೂ ಎಣ್ಣೆಗಳು ಒಂದೇ ದರ್ಜೆಗೆ ಸೇರುತ್ತವೆ. ಅವುಗಳ ನಡುವಿನ ಅಂತರ ಕಾಣುವುದು ಚಳಿಯಲ್ಲಿ ಮಾತ್ರ.

## ಗುಣಮಟ್ಟದ ವರ್ಗಗಳು

ಸ್ನಿಗ್ಧತೆಯ ಜೊತೆಗೆ ಎಣ್ಣೆಗೆ ಬೆರೆಸಿದ ರಾಸಾಯನಿಕಗಳೂ ಮುಖ್ಯ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ, ಗೇರ್ ಎಣ್ಣೆಗಳನ್ನು ಅವು ತಡೆಯಬಲ್ಲ ಒತ್ತಡಕ್ಕೆ ಅನುಗುಣವಾಗಿ ವರ್ಗೀಕರಿಸಿದೆ. ಸದ್ಯ ಹೆಚ್ಚಾಗಿ ಬಳಕೆಯಲ್ಲಿರುವವು ಇವು:

- ಜಿಎಲ್-4: ಸಿಂಕ್ರೊಮೆಶ್ ಇರುವ ಗೇರ್‌ಬಾಕ್ಸ್‌ಗಳಿಗೂ ಸಾಧಾರಣ ಒತ್ತಡದ ಅಚ್ಚುಗಳಿಗೂ
- ಜಿಎಲ್-5: ಹೆಚ್ಚು ಒತ್ತಡ ಮತ್ತು ಆಘಾತ ಬೀಳುವ ಹೈಪಾಯ್ಡ್ ಗೇರುಗಳಿಗೆ, ಅಂದರೆ ಲಾರಿ ಮತ್ತು ಕಾರುಗಳ ಹಿಂಬದಿಯ ಡಿಫರೆನ್ಷಿಯಲ್‌ಗೆ
- ಎಂಟಿ-1: ಸಿಂಕ್ರೊನೈಜರ್ ಇಲ್ಲದ ಭಾರಿ ಲಾರಿ ಮತ್ತು ಬಸ್ಸುಗಳ ಗೇರ್‌ಬಾಕ್ಸ್‌ಗೆ

ಜಿಎಲ್-5 ಎಣ್ಣೆಯಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಜಿಎಲ್-4ಕ್ಕಿಂತ ಹೆಚ್ಚು ಪ್ರಮಾಣದಲ್ಲಿರುತ್ತವೆ. ಉಕ್ಕಿನ ಹಲ್ಲುಗಳನ್ನು ಕಾಯಲು ಇವು ಒಳ್ಳೆಯವು. ಆದರೆ ತಾಮ್ರದ ಅಂಶವುಳ್ಳ ಹಿತ್ತಾಳೆ, ಕಂಚಿನ ಉಂಗುರಗಳನ್ನು ಕೆಲವು ಜಿಎಲ್-5 ಎಣ್ಣೆಗಳು ಕಾಲಕ್ರಮದಲ್ಲಿ ಸವೆಸುತ್ತವೆ. ಜೊತೆಗೆ ಅವು ಉಂಗುರಕ್ಕೆ ಬೇಕಾದ ಘರ್ಷಣೆಯನ್ನೂ ತಗ್ಗಿಸುವುದರಿಂದ ಗೇರ್ ಬೀಳುವಾಗ ಸದ್ದು ಬರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಎಣ್ಣೆ ಶ್ರೇಷ್ಠ ಎಂಬ ಭಾವನೆಯಿಂದ ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ ಜಿಎಲ್-5 ಹಾಕುವುದು ಈ ಕಾರಣದಿಂದ ಸರಿಯಲ್ಲ. ಹಾಗೆಯೇ ಜಿಎಲ್-5 ಬೇಕಾದ ಡಿಫರೆನ್ಷಿಯಲ್‌ಗೆ ಜಿಎಲ್-4 ಹಾಕಿದರೆ ಅದರ ಹಲ್ಲುಗಳು ಬೇಗ ಸವೆಯುತ್ತವೆ. ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಪೆಟ್ಟಿಗೆಯಲ್ಲಿರುವ ಮುಂಚಕ್ರ ಚಾಲನೆಯ ಕಾರುಗಳಿಗೆ ತಯಾರಕರು ಹೇಳಿದ ಒಂದೇ ಎಣ್ಣೆ ಎರಡೂ ಕೆಲಸಕ್ಕೆ ಸಾಲುತ್ತದೆ.

## ಬೆಳಗಾವಿ ಜಿಲ್ಲೆಯಲ್ಲಿ

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿ ಘಟಪ್ರಭಾ ನದಿ ಪ್ರದೇಶದ ಕಬ್ಬಿನ ಸೀಮೆಗೆ ಸೇರಿದ ಊರು. ಇಲ್ಲಿ ವಿಶ್ವರಾಜ್ ಸಕ್ಕರೆ ಕಾರ್ಖಾನೆಯಿದೆ. ಇದೇ ತಾಲ್ಲೂಕಿನ ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ನುರಿಸುವ ಹಂಗಾಮು ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಆರಂಭವಾಗಿ ಚಳಿಗಾಲದುದ್ದಕ್ಕೂ ನಡೆಯುತ್ತದೆ. ಈ ಅವಧಿಯಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರಸ್ತೆಗಳಲ್ಲಿ ಹಗಲಿರುಳೆನ್ನದೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಓಡಾಡುತ್ತವೆ. ಒಂದು ಟ್ರ್ಯಾಕ್ಟರು ಎರಡು ಟ್ರೇಲರ್‌ಗಳನ್ನು ಎಳೆಯುವುದು ಇಲ್ಲಿ ಸಾಮಾನ್ಯ ನೋಟ.

ಡಿಸೆಂಬರ್ ಮತ್ತು ಜನವರಿಯ ಮುಂಜಾವಿನಲ್ಲಿ ಇಲ್ಲಿಯ ಉಷ್ಣಾಂಶ ಸಾಮಾನ್ಯವಾಗಿ 10ರಿಂದ 15 ಡಿಗ್ರಿಯ ನಡುವೆ ಇರುತ್ತದೆ. ಶೀತಗಾಳಿ ಬೀಸಿದ ದಿನಗಳಲ್ಲಿ ಇನ್ನೂ ಇಳಿಯುತ್ತದೆ. ಮೇಲಿನ ಲೆಕ್ಕದಂತೆ ಈ ಚಳಿಯಲ್ಲಿ ಯಾವ ಎಣ್ಣೆಯೂ ಅಪಾಯದ ಮಿತಿಯ ಹತ್ತಿರಕ್ಕೆ ಬರುವುದಿಲ್ಲ. 85ಡಬ್ಲ್ಯೂ-140ರಂತಹ ದಪ್ಪ ಎಣ್ಣೆಯೂ 10 ಡಿಗ್ರಿಯಲ್ಲಿ ಕೆಲವು ಸಾವಿರ ಸೆಂಟಿಸ್ಟೋಕ್‌ನ ಮಟ್ಟದಲ್ಲೇ ಇರುತ್ತದೆ. ಗೇರ್ ಸನ್ನೆ ಮೊದಲ ಒಂದೆರಡು ಕಿಲೋಮೀಟರ್ ಬಿಗಿಯೆನಿಸಿ, ಎಣ್ಣೆ ಕಾದಂತೆ ಹಗುರವಾಗುತ್ತದೆ. ಆದುದರಿಂದ ತಯಾರಕರು 80ಡಬ್ಲ್ಯೂ-90 ಸೂಚಿಸಿರುವ ವಾಹನಕ್ಕೆ ಕೇವಲ ಇಲ್ಲಿಯ ಚಳಿಯ ಕಾರಣಕ್ಕೆ ಬೆಲೆಬಾಳುವ 75ಡಬ್ಲ್ಯೂ ಎಣ್ಣೆಯನ್ನು ಹಾಕಿಸಬೇಕಾದ ಅಗತ್ಯವಿಲ್ಲ. ಬಿಸಿಲು ಏರಿದ ಮೇಲೂ ಗೇರ್ ಬಿಗಿಯಾಗಿಯೇ ಉಳಿದರೆ ದೋಷ ಎಣ್ಣೆಯಲ್ಲಿರುವುದಕ್ಕಿಂತ ಕ್ಲಚ್, ಸನ್ನೆಯ ಕೊಂಡಿ ಅಥವಾ ಸಿಂಕ್ರೊನೈಜರ್ ಉಂಗುರದಲ್ಲಿರುವ ಸಂಭವವೇ ಹೆಚ್ಚು.

ಈ ಭಾಗದಲ್ಲಿ ಹೆಚ್ಚು ಎಚ್ಚರ ಬೇಕಾಗಿರುವುದು ಟ್ರ್ಯಾಕ್ಟರ್ ಎಣ್ಣೆಯ ವಿಷಯದಲ್ಲಿ. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಮತ್ತು ಹೈಡ್ರಾಲಿಕ್ ಲಿಫ್ಟಿಗೆ ಒಂದೇ ಎಣ್ಣೆ ಇರುತ್ತದೆ. ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇರುವ ಮಾದರಿಗಳಲ್ಲಿ ಬ್ರೇಕಿನ ತಟ್ಟೆಗಳೂ ಅದೇ ಎಣ್ಣೆಯಲ್ಲಿ ಕೆಲಸ ಮಾಡುತ್ತವೆ. ಇಂತಹ ಟ್ರ್ಯಾಕ್ಟರಿಗೆ ಟ್ರ್ಯಾಕ್ಟರ್ ಪ್ರಸರಣ ಎಣ್ಣೆಯೆಂದೇ ತಯಾರಿಸಿದ ಬಹೂಪಯೋಗಿ ಎಣ್ಣೆ ಬೇಕು. ಅದರ ಬದಲು 90 ಅಥವಾ 140ನೇ ಸಂಖ್ಯೆಯ ಸಾಮಾನ್ಯ ಗೇರ್ ಎಣ್ಣೆ ಹಾಕಿದರೆ ಬ್ರೇಕಿನ ಹಿಡಿತ ಕೆಡಬಹುದು, ತಟ್ಟೆಗಳಿಂದ ಕಿರುಗುಟ್ಟುವ ಸದ್ದು ಬರಬಹುದು, ಚಳಿಯ ಬೆಳಗಿನಲ್ಲಿ ಲಿಫ್ಟ್ ನಿಧಾನವಾಗಿ ಏಳಬಹುದು. ದಪ್ಪ ಎಣ್ಣೆಯನ್ನು ಹೀರಲು ಹೈಡ್ರಾಲಿಕ್ ಪಂಪು ಹೆಣಗುತ್ತದೆ ಮತ್ತು ಗಾಳಿಯನ್ನೂ ಒಳಕ್ಕೆಳೆದುಕೊಂಡು ಬೇಗ ಸವೆಯುತ್ತದೆ. ಒಣ ಬ್ರೇಕ್ ಇರುವ ಹಳೆಯ ಮಾದರಿಗಳಿಗೆ ಬೇರೆ ಎಣ್ಣೆ ಸೂಚಿಸಿರಬಹುದು. ಹೀಗಾಗಿ ಪಕ್ಕದ ಮನೆಯ ಟ್ರ್ಯಾಕ್ಟರಿಗೆ ಹಾಕಿದ ಎಣ್ಣೆಯೇ ಇನ್ನೊಂದಕ್ಕೂ ಹೊಂದುತ್ತದೆ ಎಂದು ತಿಳಿಯುವಂತಿಲ್ಲ. ಎರಡು ಟ್ರೇಲರ್ ಕಬ್ಬನ್ನು ಎಳೆಯುವ ಟ್ರ್ಯಾಕ್ಟರಿನ ಬ್ರೇಕು ಕೈಕೊಟ್ಟರೆ ಅದರ ಪರಿಣಾಮ ರಸ್ತೆಯಲ್ಲಿರುವ ಎಲ್ಲರ ಮೇಲೂ ಆಗುತ್ತದೆ.

## ಹಿಮ ಪ್ರದೇಶಗಳಲ್ಲಿ

ಹುಕ್ಕೇರಿ ತಾಲ್ಲೂಕಿನ ಮೂಲಕ ಹಾದುಹೋಗುವ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಉತ್ತರ ಭಾರತಕ್ಕೆ ಹೋಗುವ ಲಾರಿಗಳು ಸಂಚರಿಸುತ್ತವೆ. ಮೋಟಾರ್ ಸೈಕಲ್ ಮತ್ತು ಕಾರುಗಳಲ್ಲಿ ಲಡಾಖ್ ಪ್ರವಾಸ ಕೈಗೊಳ್ಳುವ ಕನ್ನಡಿಗರೂ ಇದ್ದಾರೆ. ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್ ಪಟ್ಟಣದಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ −10 ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯ. ಶ್ರೀನಗರ–ಲೇಹ್ ದಾರಿಯಲ್ಲಿರುವ ದ್ರಾಸ್‌ನಲ್ಲಿ −20 ಡಿಗ್ರಿಯೂ ಅಪರೂಪವಲ್ಲ. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ, 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗದಿಂದಾಗಿ ಹಿಮಾಚಲದ ಲಾಹೌಲ್ ಕಣಿವೆಗೆ ಚಳಿಗಾಲದಲ್ಲೂ ವಾಹನಗಳು ಹೋಗಲು ಸಾಧ್ಯವಾಗಿದೆ.

ಇಂತಹ ಸ್ಥಳಗಳಲ್ಲಿ ಖನಿಜ ಮೂಲದ 90ನೇ ಸಂಖ್ಯೆಯ ಎಣ್ಣೆ ತೊಂದರೆ ಕೊಡುವುದು ಖಚಿತ. 80ಡಬ್ಲ್ಯೂ-90 ಎಣ್ಣೆ −26 ಡಿಗ್ರಿಯವರೆಗೆ ಯಂತ್ರವನ್ನು ಕಾಯುತ್ತದೆ, ಆದರೆ −20 ಡಿಗ್ರಿಯ ಹೊತ್ತಿಗೇ ಅದು 20,000 ಸೆಂಟಿಪಾಯ್ಸ್ ಮೀರುವುದರಿಂದ ಗೇರ್ ಬದಲಿಸಲು ಹೆಣಗಬೇಕಾಗುತ್ತದೆ. ತಯಾರಕರ ಅನುಮತಿ ಇದ್ದರೆ 75ಡಬ್ಲ್ಯೂ-80 ಅಥವಾ 75ಡಬ್ಲ್ಯೂ-90 ದರ್ಜೆಯ ಎಣ್ಣೆ ಅಲ್ಲಿಗೆ ಯೋಗ್ಯ. ಹಿಂದೆ ಶೀತ ಪ್ರದೇಶದ ಚಾಲಕರು ಗೇರ್‌ಬಾಕ್ಸ್‌ನ ಕೆಳಗೆ ಬೆಂಕಿ ಹೊತ್ತಿಸಿ ಎಣ್ಣೆಯನ್ನು ಕಾಯಿಸುತ್ತಿದ್ದರು. ಕೆಲವರು ಎಣ್ಣೆಗೆ ಸೀಮೆಎಣ್ಣೆ ಬೆರೆಸುತ್ತಿದ್ದರು. ಮೊದಲನೆಯದರಿಂದ ಬೆಂಕಿ ಅನಾಹುತ ಸಂಭವಿಸಬಹುದು. ಎರಡನೆಯದರಿಂದ ಎಣ್ಣೆ ತೆಳುವಾಗಿ, ಗೇರ್‌ಬಾಕ್ಸ್ ಬಿಸಿಯಾದಾಗ ಹಲ್ಲುಗಳ ನಡುವೆ ಪದರವೇ ನಿಲ್ಲದಂತಾಗುತ್ತದೆ.

ಕೆನಡಾದ ವಿನ್ನಿಪೆಗ್‌ನಂತಹ ನಗರಗಳಲ್ಲಿ ಜನವರಿಯ ರಾತ್ರಿಯ ಉಷ್ಣಾಂಶ −20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಲ್ಲಿನ ಕಾರುಗಳಲ್ಲಿ ಬಹುಪಾಲು ಸ್ವಯಂಚಾಲಿತ ಗೇರಿನವು. ಅವುಗಳ ಎಣ್ಣೆ ಬೇರೆಯೇ ಬಗೆಯದು. ಈ ಲೇಖನದಲ್ಲಿ ವಿವರಿಸಿದ ಗೇರ್ ಎಣ್ಣೆಯನ್ನು ಅವುಗಳಿಗೆ ಬಳಸುವಂತಿಲ್ಲ.

## ಆಯ್ಕೆಯ ಕ್ರಮ

1. ವಾಹನದ ಕೈಪಿಡಿಯಲ್ಲಿ ಸೂಚಿಸಿದ ಗುಣಮಟ್ಟದ ವರ್ಗವನ್ನು ಮೊದಲು ನೋಡಬೇಕು. ಚಳಿಯ ಕಾರಣಕ್ಕೆ ವರ್ಗವನ್ನು ಬದಲಿಸಬಾರದು. ಕೆಲವು ಗೇರ್‌ಬಾಕ್ಸ್‌ಗಳಿಗೆ ತಯಾರಕರು ಎಂಜಿನ್ ಎಣ್ಣೆಯನ್ನೋ ತಮ್ಮದೇ ವಿಶೇಷ ಎಣ್ಣೆಯನ್ನೋ ಸೂಚಿಸಿರುತ್ತಾರೆ. ಅಲ್ಲಿ ಅದನ್ನೇ ಹಾಕಬೇಕು.
2. ವಾಹನ ನಿಲ್ಲುವ ಸ್ಥಳದ ಅತಿ ಕಡಿಮೆ ಉಷ್ಣಾಂಶವನ್ನು ಗಮನಿಸಬೇಕು. ಸರಾಸರಿ ಉಷ್ಣಾಂಶ ಇಲ್ಲಿ ಉಪಯೋಗಕ್ಕೆ ಬಾರದು. ಎಣ್ಣೆ ತಣ್ಣಗಾಗುವುದು ರಾತ್ರಿ ನಿಂತಲ್ಲಿ.
3. ಕೈಪಿಡಿಯಲ್ಲಿ ಉಷ್ಣಾಂಶಕ್ಕೆ ತಕ್ಕಂತೆ ಒಂದಕ್ಕಿಂತ ಹೆಚ್ಚು ದರ್ಜೆಗಳನ್ನು ಕೊಟ್ಟಿದ್ದರೆ, ಅವುಗಳಲ್ಲಿ ಆ ಚಳಿಗೆ ಹೊಂದುವ ಡಬ್ಲ್ಯೂ ದರ್ಜೆಯನ್ನು ಆರಿಸಬೇಕು.
4. ಕೊನೆಯ ಸಂಖ್ಯೆಯನ್ನು ಕೈಪಿಡಿಯ ಮಿತಿಗಿಂತ ಇಳಿಸಬಾರದು. ಚಳಿಗಾಲಕ್ಕೆಂದು ತೀರ ತೆಳುವಾದ ಎಣ್ಣೆ ಹಾಕಿದರೆ, ಭಾರ ಹೊತ್ತು ಬೇಸಿಗೆಯಲ್ಲಿ ಓಡುವಾಗ ಹಲ್ಲುಗಳಿಗೆ ರಕ್ಷಣೆ ಸಾಲದು.
5. ಎರಡು ಬಗೆಯ ಎಣ್ಣೆಗಳನ್ನು ಬೆರೆಸದೆ, ಹಳೆಯದನ್ನು ಪೂರ್ತಿ ಇಳಿಸಿ ಹೊಸದನ್ನು ತುಂಬುವುದು ಮೇಲು.

ಭಾರತದ ಹೆಚ್ಚಿನ ಮೋಟಾರ್ ಸೈಕಲ್‌ಗಳಲ್ಲಿ ಎಂಜಿನ್, ಕ್ಲಚ್ ಮತ್ತು ಗೇರ್‌ಬಾಕ್ಸ್‌ಗೆ ಒಂದೇ ಎಂಜಿನ್ ಎಣ್ಣೆ ಇರುತ್ತದೆ. ಅವುಗಳಿಗೆ ಪ್ರತ್ಯೇಕ ಗೇರ್ ಎಣ್ಣೆಯ ಪ್ರಶ್ನೆ ಬರುವುದಿಲ್ಲ.

## ಚಾಲನೆ ಮತ್ತು ನಿರ್ವಹಣೆ

ಚಳಿಯ ಬೆಳಗಿನಲ್ಲಿ ಕ್ಲಚ್ ಒತ್ತಿಹಿಡಿದು ಎಂಜಿನ್ ಚಾಲೂ ಮಾಡಿದರೆ, ಗೇರ್‌ಬಾಕ್ಸ್‌ನ ದಪ್ಪ ಎಣ್ಣೆಯಲ್ಲಿ ಶಾಫ್ಟುಗಳನ್ನು ತಿರುಗಿಸುವ ಹೊರೆ ಬ್ಯಾಟರಿಯ ಮೇಲೆ ಬೀಳುವುದಿಲ್ಲ. ಎಂಜಿನ್ ಚಾಲೂ ಆದ ಮೇಲೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಅರ್ಧ ಅಥವಾ ಒಂದು ನಿಮಿಷ ಓಡಿಸಿದರೆ ಕೆಳಗಿನ ಹಲ್ಲುಚಕ್ರಗಳು ತಿರುಗಿ ಎಣ್ಣೆಯನ್ನು ಎಲ್ಲೆಡೆ ತಲುಪಿಸುತ್ತವೆ. ಗೇರ್‌ಬಾಕ್ಸ್ ಎಂಜಿನ್ನಿಗಿಂತ ನಿಧಾನವಾಗಿ ಕಾಯುವುದರಿಂದ ಮೊದಲ ಕೆಲವು ಕಿಲೋಮೀಟರ್ ಗೇರನ್ನು ಅವಸರವಿಲ್ಲದೆ ಬದಲಿಸಬೇಕು. ಇಳಿಜಾರು ಬರುವ ಮೊದಲೇ ಕೆಳಗಿನ ಗೇರಿಗೆ ಬರುವುದು ಸುರಕ್ಷಿತ.

ಎಣ್ಣೆಯ ಮಟ್ಟವನ್ನು ವಾಹನ ಸಮತಟ್ಟಾದ ನೆಲದಲ್ಲಿರುವಾಗ ನೋಡಬೇಕು. ಅನೇಕ ಗೇರ್‌ಬಾಕ್ಸ್‌ಗಳಲ್ಲಿ ಎಣ್ಣೆ ತುಂಬುವ ರಂಧ್ರದ ಕೆಳ ಅಂಚಿನವರೆಗೆ ಎಣ್ಣೆ ನಿಂತಿರಬೇಕು. ಟ್ರ್ಯಾಕ್ಟರುಗಳಲ್ಲಿ ಅಳತೆಯ ಕಡ್ಡಿ ಇರುತ್ತದೆ. ಬದಲಿಸುವಾಗ ಕೆಳಗಿನ ಬೋಲ್ಟ್ ಬಿಚ್ಚುವ ಮೊದಲು ಮೇಲಿನದು ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲವಾದರೆ ಎಣ್ಣೆ ಇಳಿದ ಮೇಲೆ ತುಂಬಲು ದಾರಿಯಿಲ್ಲದಂತಾಗುತ್ತದೆ. ವಾಹನ ಸ್ವಲ್ಪ ಓಡಿ ಎಣ್ಣೆ ಬೆಚ್ಚಗಿರುವಾಗ ಇಳಿಸಿದರೆ ತಳದ ಪುಡಿಯೂ ಹೊರಬರುತ್ತದೆ. ಕೆಳಗಿನ ಬೋಲ್ಟಿನ ಅಯಸ್ಕಾಂತಕ್ಕೆ ನುಣ್ಣನೆಯ ಪುಡಿ ಅಂಟಿರುವುದು ಸಹಜ. ಲೋಹದ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗ್ ಒಡೆದಿರುವ ಸೂಚನೆ. ಹಿತ್ತಾಳೆಯ ಬಣ್ಣದ ಹೊಳಪು ಕಂಡರೆ ಸಿಂಕ್ರೊನೈಜರ್ ಉಂಗುರ ಸವೆಯುತ್ತಿದೆ ಎಂದು ತಿಳಿಯಬಹುದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಕೆಸರುಗದ್ದೆಯಲ್ಲಿ ಕೆಲಸ ಮಾಡುವ ಟ್ರ್ಯಾಕ್ಟರುಗಳಲ್ಲಿ ಇದನ್ನು ಆಗಾಗ ಪರೀಕ್ಷಿಸಬೇಕು.

## ಹಳೆಯ ಎಣ್ಣೆಯ ವಿಲೇವಾರಿ

ಬಳಸಿ ತೆಗೆದ ಎಣ್ಣೆಯನ್ನು ಭಾರತದಲ್ಲಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಅಪಾಯಕಾರಿ ವಸ್ತುವೆಂದು ಪರಿಗಣಿಸಲಾಗುತ್ತದೆ. ಇದನ್ನು ಹೊಲ, ಕಾಲುವೆ ಅಥವಾ ಚರಂಡಿಗೆ ಸುರಿಯಬಾರದು. ಒಲೆಗೆ ಉರುವಲಾಗಿಯೂ ಬಳಸಬಾರದು. ಮುಚ್ಚಳವಿರುವ ಡಬ್ಬಿಯಲ್ಲಿ ಶೇಖರಿಸಿ, ಮರುಸಂಸ್ಕರಣೆಗೆ ಕಳುಹಿಸುವ ಗ್ಯಾರೇಜು ಅಥವಾ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕು. ಮರುಸಂಸ್ಕರಿಸಿದ ಎಣ್ಣೆಯನ್ನು ಮತ್ತೆ ಕೀಲೆಣ್ಣೆಯ ತಯಾರಿಕೆಯಲ್ಲಿ ಬಳಸಲು ಬರುತ್ತದೆ.